ಅಂಗಾತ ಮಲಗಿಸಿ, ಕಾಲು ಕಟ್ಟಿ ಹೆರಿಗೆ: ತಾಯಿಯ ಹೆರಿಗೆ ದಾರಿ ಹರಿಯುವುದಕ್ಕೂ ಮಗುವಿನ ತೋಳಿನ ನರದ ಪೆಟ್ಟಿಗೂ ಭಂಗಿಯೇ ಕಾರಣವೇ?

ಜಗಳೂರು ಪಿಎಚ್‌ಸಿಒ (ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ):
ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆ ಸುಧಾರಿಸೋ ಲಕ್ಷ್ಯ ಕಾರ್ಯಕ್ರಮ ಶುರುವಾಗಿದ್ದು 2017ರ ಡಿಸೆಂಬರ್‌ನಲ್ಲಿ. ಹೆರಿಗೆ ಕೋಣೆಯಲ್ಲಿ ತಾಯಿಯ ಜೊತೆಗೊಬ್ಬರು ಇರಬೇಕು, ಆಕೆಗೆ ಅನುಕೂಲವಾದ ಭಂಗಿಯಲ್ಲಿ ಹೆರಲು ಬಿಡಬೇಕು ಅನ್ನೋದು ಅದರಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳಲ್ಲೂ ಇದೆ. ಆದರೆ ಟೇಬಲ್ ಮಾತ್ರ ಹಳೇದೇ: ರೆಕ್ಸಿನ್ ಹಾಸು, ಕೆಳಗೊಂದು ಬಕೆಟ್, ಎರಡೂ ಕಡೆ ಕಾಲು ಏರಿಸೋ ಕಂಬ. ಟೇಬಲ್ ಹತ್ತಿದ ಕೂಡಲೇ "ಅಂಗಾತ ಮಲಗಮ್ಮ, ಕಾಲು ಮೇಲೆ ಹಾಕು" ಅನ್ನೋದೇ ರೂಢಿ.

ಇಲ್ಲಿರೋ ಅನುಭವಸ್ಥರಲ್ಲಿ ಕೇಳೋದಿಷ್ಟು. ಅಂಗಾತ ಮಲಗಿಸೋದ್ರಿಂದ ಹರಿತ (ಹೆರಿಗೆ ದಾರಿಯ ಚರ್ಮ, ಸ್ನಾಯು ಹರಿಯೋದು) ಜಾಸ್ತಿ ಆಗೋದು ನಿಜವೇ? ಮಗುವಿನ ಭುಜ ಸಿಕ್ಕಿಕೊಂಡು ತೋಳಿನ ನರ ಪೆಟ್ಟಾಗೋದಕ್ಕೂ ಭಂಗಿಗೂ ಸಂಬಂಧ ಉಂಟೇ? ಒಬ್ಬರೇ ಸಿಸ್ಟರ್ ಇರೋ ರಾತ್ರಿ ಪಾಳಿಯಲ್ಲಿ ಬೇರೆ ಭಂಗಿ ಮಾಡಿಸೋಕೆ ಆಗುತ್ತಾ? "ಬೇಕಾದ ಹಾಗೆ ಬಿಡಿ" ಅನ್ನೋ ಮಾತಷ್ಟೇ ಬೇಡ, ಕೈ ಎಲ್ಲಿಡಬೇಕು, ದಿಂಬು ಎಲ್ಲಿಡಬೇಕು ಅಂತ ಬಿಡಿಸಿ ಹೇಳಿ.

ಹರಿಹರ ಲೇಬರ್ ರೂಮ್ ಸಿಸ್ಟರ್:
ಮೊದಲು ಎಲುಬಿನ ಲೆಕ್ಕ ನೋಡ್ರಿ. ಸೊಂಟದ ಗೂಡು ಗಟ್ಟಿ ಬಳೆ ಅಲ್ಲ. ಬಸುರಿನಲ್ಲಿ ಅದರ ಕೀಲುಗಳು ಸಡಿಲ ಆಗಿರ್ತವೆ. ಹಿಂದುಗಡೆ ತ್ರಿಕಾಸ್ಥಿ (ಬೆನ್ನೆಲುಬಿನ ಬುಡದ ತ್ರಿಕೋನದ ಎಲುಬು), ಅದರ ತುದಿಗೆ ಬಾಲಮೂಳೆ. ಮಗುವಿನ ತಲೆ ಕೆಳಗಿಳಿದಾಗ ಈ ಎರಡೂ ಹಿಂದಕ್ಕೆ ಸರಿದು ದಾರಿ ಬಿಡಬೇಕು. ತಾಯಿ ಅಂಗಾತ ಮಲಗಿದ್ರೆ ಮೈಭಾರ ಎಲ್ಲ ಬಿದ್ದಿರೋದು ಅದೇ ತ್ರಿಕಾಸ್ಥಿ ಮೇಲೆ, ಸರಿಯೋಕೆ ಜಾಗವೇ ಇಲ್ಲ. ಮಗ್ಗುಲಾಗಿ ಮಲಗಿದ್ರೆ, ಮಂಡಿಯೂರಿದ್ರೆ, ಕೈ-ಮಂಡಿ ಊರಿ ಅಂಬೆಗಾಲಲ್ಲಿದ್ರೆ ಅದರ ಮೇಲೆ ಭಾರ ಇರೋದಿಲ್ಲ. ಕುಕ್ಕರಗಾಲಲ್ಲಿ ಕೂತಾಗ ಗೂಡಿನ ಕೆಳಬಾಯಿ ಅಗಲ ಆಗೋದನ್ನ ಎಂಆರ್‌ಐ ಅಳತೆಯಲ್ಲೂ ಕಂಡಿದ್ದಾರೆ.

ಎರಡನೇದು ರಕ್ತದ ಓಟ. ತುಂಬಿದ ಗರ್ಭಕೋಶ ಅಂಗಾತ ಮಲಗಿದಾಗ ಬೆನ್ನೆಲುಬಿನ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಕೂರುತ್ತೆ. ಹೃದಯಕ್ಕೆ ಮರಳೋ ರಕ್ತ ಕಮ್ಮಿ ಆಗುತ್ತೆ, ಬಿಪಿ ಇಳಿಯುತ್ತೆ, ಮಾಸಿಗೆ ಹೋಗೋ ರಕ್ತವೂ ತಗ್ಗುತ್ತೆ. ಮಗುವಿನ ಎದೆಬಡಿತ 110ರ ಕೆಳಗೆ ಇಳಿದಾಗ ಮೊದಲು ಎಡಮಗ್ಗುಲಾಗಿ ತಿರುಗಿಸಿ ಅನ್ನೋದು ಇದಕ್ಕೇ. ಬಡಿತ ಇಳಿದರೆ ಮುಂದಿನ ದಾರಿ ಗೊತ್ತಲ್ಲ: ಗಾಬರಿ, ಬೇಗ ಹೊರಗೆ ತೆಗೀಬೇಕು ಅನ್ನೋ ಅವಸರ, ಕತ್ತರಿ, ತಲೆಗೆ ಬಟ್ಟಲು ಅಂಟಿಸಿ ಎಳೆಯೋ ವ್ಯಾಕ್ಯೂಮ್. ಪೆಟ್ಟು ಬಹಳಷ್ಟು ಸಲ ಈ ಅವಸರದಿಂದ ಬರುತ್ತೆ. ಆ ಅವಸರ ತಂದಿಟ್ಟಿದ್ದು ಭಂಗಿ.

ದಾವಣಗೆರೆ ಪ್ರಸೂತಿ ತಜ್ಞೆ:
ಸಿಸ್ಟರ್ ಹೇಳಿದ ಕಾರಣ ಸರಿ. ಆದರೆ ಎಲುಬಿನ ಲೆಕ್ಕದಿಂದಲೇ "ನೆಟ್ಟಗಿದ್ದರೆ ಹರಿತವೇ ಆಗುವುದಿಲ್ಲ" ಎಂಬಲ್ಲಿಗೆ ಹಾರಬಾರದು. ಎಪಿಡ್ಯೂರಲ್ (ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಇಂಜೆಕ್ಷನ್) ಇಲ್ಲದ ತಾಯಂದಿರ ಬಗ್ಗೆ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಕಾಕ್ರೇನ್ ವಿಮರ್ಶೆ ಇದೆ, ಒಟ್ಟು ಒಂಬತ್ತು ಸಾವಿರದಷ್ಟು ಹೆಂಗಸರ ಮಾಹಿತಿ. ಮುಕ್ಕುವ ಹಂತದಲ್ಲಿ ನೆಟ್ಟಗಿನ ಭಂಗಿಯಲ್ಲಿದ್ದವರಿಗೆ ಫೋರ್ಸೆಪ್ಸ್ (ಇಕ್ಕಳ), ವ್ಯಾಕ್ಯೂಮ್ ಬಳಕೆ ಸುಮಾರು ಕಾಲುಭಾಗ ಕಡಿಮೆ. ಎಪಿಸಿಯಾಟಮಿ, ಅಂದರೆ ದಾರಿ ಅಗಲಿಸಲು ಕತ್ತರಿ ಹಾಕುವುದೂ ಅಷ್ಟೇ ಕಡಿಮೆ. ಮಗುವಿನ ಎದೆಬಡಿತದ ಏರುಪೇರು ಕಡಿಮೆ. ಆದರೆ ಎರಡನೇ ದರ್ಜೆಯ (ಗುದದ ಸ್ನಾಯು ಮುಟ್ಟದ) ಹರಿತ ಸ್ವಲ್ಪ ಜಾಸ್ತಿ, 500 ಮಿ.ಲೀ. ದಾಟಿದ ರಕ್ತಸ್ರಾವವೂ ಜಾಸ್ತಿ. ಮೂರು ಮತ್ತು ನಾಲ್ಕನೇ ದರ್ಜೆಯಲ್ಲಿ, ಅಂದರೆ ಗುದದ ಸ್ನಾಯುವಿನವರೆಗೆ ಹೋಗುವ ಹರಿತದಲ್ಲಿ, ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಎಲ್ಲ ನೆಟ್ಟಗಿನ ಭಂಗಿಗಳೂ ಒಂದೇ ಅಲ್ಲ ಎಂದಾಯಿತು. ಸ್ವೀಡನ್‌ನಲ್ಲಿ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ದಾಖಲೆ ತೆಗೆದು ನೋಡಿದಾಗ, ಕಾಲು ಏರಿಸಿ ಕಟ್ಟುವ ಲಿಥಾಟಮಿಯಲ್ಲಿ ಗುದದ ಸ್ನಾಯುವಿನ ಹರಿತ ಹೆಚ್ಚು ಕಂಡಿತು. ಚೊಚ್ಚಲ ಹೆರಿಗೆಯಲ್ಲಿ ಮಗ್ಗುಲಾಗಿ ಮಲಗಿದವರಿಗೆ ಕಡಿಮೆ. ಮೊದಲೇ ಹೆತ್ತವರಲ್ಲಿ ಕುಕ್ಕರಗಾಲು ಮತ್ತು ಹೆರಿಗೆ ಸ್ಟೂಲ್ ಎರಡರಲ್ಲೂ ಹೆಚ್ಚು. ಕಾರಣ ಊಹಿಸಲು ಕಷ್ಟವಿಲ್ಲ. ಎರಡನೇ ಹೆರಿಗೆಯಲ್ಲಿ ದಾರಿ ಸಡಿಲ, ಮೇಲಿಂದ ಭಾರ ಬೇರೆ, ತಲೆ ಒಂದೇ ನೋವಿಗೆ ಹೊರಗೆ ನುಗ್ಗುತ್ತದೆ. ಚರ್ಮಕ್ಕೆ ಹಿಗ್ಗಲು ಸಮಯವೇ ಸಿಗುವುದಿಲ್ಲ.

ನನ್ನ ಮಾತಿಷ್ಟು: ಮೂಲೆಗಿಡಬೇಕಾದದ್ದು ಆ ಕಂಬ. ಅದರ ಬದಲಿಗೆ ಇನ್ನೊಂದು ಭಂಗಿಯನ್ನು ಎಲ್ಲರ ಮೇಲೆ ಹೇರಬೇಕಾಗಿಲ್ಲ.

ಚಳ್ಳಕೆರೆ ಆಶಾ ಮೇಲ್ವಿಚಾರಕಿ:
ಡಾಕ್ಟ್ರೇ, ಹಳ್ಳಿ ಕಡೆ ಸೂಲಗಿತ್ತಿಯರು ಕುಕ್ಕರಗಾಲಲ್ಲಿ ಕೂರಿಸಿ, ತೊಲೆಗೆ ಕಟ್ಟಿದ ಹಗ್ಗ ಹಿಡಿಸಿ ಹೆರಿಗೆ ಮಾಡಿಸ್ತಿದ್ರು. ನಮ್ಮ ಪಕ್ಕದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಸಾವಿರಾರು ಹೆರಿಗೆ ಮಾಡಿಸಿದವರು. ಆ ಕಾಲದಲ್ಲಿ ಕತ್ತರಿ ಹಾಕೋದು ಎಲ್ಲಿತ್ತು? ಕುಕ್ಕರಗಾಲನ್ನ ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ.

ದಾವಣಗೆರೆ ಪ್ರಸೂತಿ ತಜ್ಞೆ:
ತಳ್ಳಿಹಾಕುತ್ತಿಲ್ಲ ಅಕ್ಕ, ಅವರ ಕೈಗುಣದ ಮೇಲೆ ನನಗೆ ಗೌರವ ಇದೆ. ತಲೆ ಇನ್ನೂ ಮೇಲಿದೆ, ಕೆಳಗಿಳಿಯಬೇಕು ಎನ್ನುವಾಗ ಕುಕ್ಕರಗಾಲು ಬಹಳ ಒಳ್ಳೆಯದು. ಎಚ್ಚರ ಬೇಕಾದದ್ದು ತಲೆ ಪೆರಿನಿಯಂಗೆ (ಯೋನಿ ಮತ್ತು ಗುದದ ನಡುವಿನ ಭಾಗಕ್ಕೆ) ತಾಗಿ, ನೋವು ಇಳಿದರೂ ಒಳಗೆ ಸರಿಯದೆ ನಿಂತ ಮೇಲೆ. ಆಗ ಮುಂದಕ್ಕೆ ಬಾಗಿಸಿ ಮಂಡಿಯೂರಿಸಿ, ಇಲ್ಲವೇ ಮಗ್ಗುಲಾಗಿಸಿ. ಕೊನೆಯ ಐದಾರು ನೋವುಗಳಲ್ಲಿ ನಿಧಾನವೇ ಮದ್ದು. ಹರಿತ ಆ ಕಾಲದಲ್ಲೂ ಆಗುತ್ತಿತ್ತು. ಮಲ ತಡೆಯಲಾಗದೆ ಮೂಲೆ ಸೇರಿದವರು, ಮೂತ್ರ ಸದಾ ಸೋರುವವರು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ, ಅಷ್ಟೆ. ಅವರ ಲೆಕ್ಕ ಯಾರೂ ಇಟ್ಟಿಲ್ಲ.

ಜಗಳೂರು ಪಿಎಚ್‌ಸಿಒ:
ಹಾಗಾದ್ರೆ ಮಗ್ಗುಲ ಭಂಗಿನೇ ಒಬ್ಬರೇ ಇರೋ ಕಡೆ ಅನುಕೂಲ ಅನ್ಸುತ್ತೆ. ಅದನ್ನ ಹಂತ ಹಂತವಾಗಿ ಹೇಳ್ರಿ ಸಿಸ್ಟರ್.

ಹರಿಹರ ಲೇಬರ್ ರೂಮ್ ಸಿಸ್ಟರ್:
ಟೇಬಲ್‌ನ ಕೆಳಭಾಗ ಎಳೆದು ತೆಗೆದಿದ್ರೆ ವಾಪಸ್ ಸೇರಿಸಿ, ಉದ್ದಕ್ಕೂ ಹಾಸು ಇರ್ಲಿ. ಬೆನ್ನಿನ ಭಾಗವನ್ನ ಒಂದು ಹಂತದಷ್ಟು ಎತ್ತಿ. ತಾಯಿ ಎಡಮಗ್ಗುಲಾಗಲಿ, ತಲೆ ಕೆಳಗೊಂದು ದಿಂಬು, ಬೆನ್ನು ನಿಮ್ಮ ಕಡೆಗೆ, ಪೃಷ್ಠ ಟೇಬಲ್ ಅಂಚಿಗೆ. ಕೆಳಗಿನ ಕಾಲು ಅರ್ಧ ಮಡಚಿರ್ಲಿ. ಮೇಲಿನ ಕಾಲನ್ನ ಜೊತೆಗೆ ಬಂದ ಅಮ್ಮನೋ ಅತ್ತೆಯೋ ಎರಡೂ ಕೈಯಿಂದ ತೊಡೆ ಕೆಳಗೆ ಹಿಡೀಲಿ. ಮಂಡಿಯ ಹೊರಬದಿಗೆ ಒತ್ತಿ ಹಿಡಿಯೋದು ಬೇಡ, ಯಾಕೆ ಅಂತ ಫಿಸಿಯೋದವರು ಹೇಳ್ಬೇಕು. ಕಾಲನ್ನ ಆಕಾಶಕ್ಕೆ ಎತ್ತಿ ಅಗಲಿಸೋದು ಬೇಡ. ಅಗಲಿಸಿದಷ್ಟೂ ಪೆರಿನಿಯಂ ಚರ್ಮ ಬಿಗಿಯಾಗಿ ಎಳ್ಕೊಳ್ಳುತ್ತೆ. ಮಂಡಿ ಮಂಡಿ ನಡುವೆ ಒಂದು ಗಟ್ಟಿ ದಿಂಬಿನಷ್ಟು ಅಂತರ ಸಾಕು. ಹಿಡಿಯೋರು ಯಾರೂ ಇಲ್ಲದಿದ್ರೆ ಎರಡು ದಿಂಬು ಮಡಚಿ ನಡುವೆ ಇಟ್ಬಿಡಿ.

ಇನ್ನು ಬಿಸಿ ಒತ್ತು. ಸ್ಟೆರೈಲ್ ಪ್ಯಾಡ್‌ನ ಬಿಸಿನೀರಲ್ಲಿ ಅದ್ದಿ ಹಿಂಡಿ, ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ನೋಡಿ. ಹಿತವಾಗಿದ್ರೆ ಮಾತ್ರ ಪೆರಿನಿಯಂ ಮೇಲೆ ಇಡಿ. ತಲೆ ಕೂದಲು ಕಾಣೋಕೆ ಶುರುವಾದಾಗಿಂದ, ನೋವು ಬಂದಾಗಲೂ ನಡುವೆಯೂ. ಆರಿದ ಕೂಡಲೇ ಬದಲಿಸ್ಬೇಕು, ಅದಕ್ಕೆ ಪಕ್ಕದಲ್ಲೇ ಬಿಸಿನೀರಿನ ಫ್ಲಾಸ್ಕ್ ಇಟ್ಕೊಳ್ಳಿ. ಮೂರು-ನಾಲ್ಕನೇ ದರ್ಜೆಯ ಹರಿತ ಕಡಿಮೆ ಮಾಡುತ್ತೆ ಅಂತ ಪುರಾವೆ ಇರೋ ಕೆಲವೇ ಉಪಾಯಗಳಲ್ಲಿ ಇದೊಂದು, ಖರ್ಚೂ ಇಲ್ಲ.

ತಲೆ ಬರೋವಾಗ ಎಡಗೈ ಬೆರಳುಗಳು ಮಗುವಿನ ನೆತ್ತಿ ಮೇಲೆ, ತಲೆ ಚಿಮ್ಮಿ ಹೊರಗೆ ಬರದ ಹಾಗೆ ತಡೀಬೇಕು. ವಾಪಸ್ ಒಳಗೆ ತಳ್ಳೋದಲ್ಲ, ತಡೆಯೋದು. ಬಲಗೈಯ ಹೆಬ್ಬೆರಳು ಒಂದು ಕಡೆ, ತೋರುಬೆರಳು ಇನ್ನೊಂದು ಕಡೆ ಇಟ್ಟು ಚರ್ಮವನ್ನ ನಡುವಿಗೆ ಕೂಡಿಸಿ ಹಿಡೀಬೇಕು. ಈ ಹೊತ್ತಲ್ಲಿ "ಮುಕ್ಕು ಮುಕ್ಕು" ಅಂತ ಕೂಗೋದನ್ನ ನಿಲ್ಲಿಸಿ. ಬಾಯಿ ತೆರೆದು ಸಣ್ಣ ಸಣ್ಣ ಉಸಿರು ಬಿಡೋಕೆ ಹೇಳಿ, ನೋವಿನ ನಡುವಿನ ಬಿಡುವಿನಲ್ಲಿ ಸ್ವಲ್ಪ ಮುಕ್ಕಲಿ. ತಲೆ ಎರಡು ನೋವುಗಳ ನಡುವೆ ಜಾರಿ ಬಂದ್ರೆ ಹರಿತ ಕಮ್ಮಿ.

ಡಾಪ್ಲರ್‌ನಲ್ಲಿ ಎದೆಬಡಿತ 5 ನಿಮಿಷಕ್ಕೊಮ್ಮೆ ಕೇಳೋಕೆ ಮಗ್ಗುಲ ಭಂಗಿ ಅಡ್ಡಿ ಅಲ್ಲ, ಹೊಟ್ಟೆಯ ಕೆಳಬದಿಯಿಂದ ಪ್ರೋಬ್ ತಿರುಗಿಸಿ ಹಿಡೀರಿ. ಅಂಬೆಗಾಲಲ್ಲಿ ಮಾತ್ರ ಕೆಳಗಿಂದ ಕೈ ತೂರಿಸ್ಬೇಕು, ಮೊದಲ ಸಲ ತಡವರಿಕೆ ಆಗುತ್ತೆ.

ಹೊಸದುರ್ಗ ಸ್ಟಾಫ್ ನರ್ಸ್:
ಗರ್ಭಕೋಶದ ಬಾಯಿ ಪೂರ್ತಿ ತೆರೆದಿಲ್ಲದಿದ್ರೂ ಮುಕ್ಕಿಸೋದು, ಮೇಲಿಂದ ಹೊಟ್ಟೆ ಒತ್ತೋದು ಇನ್ನೂ ನಿಂತಿಲ್ಲ. ಅಂಗಾತ ಮಲಗಿಸಿದ್ರೆ ಒತ್ತೋಕೆ ಸುಲಭ, ಅದಕ್ಕೇ ಅಂಗಾತ ಬೇಕು ಅಂತಾರೆ ಕೆಲವರು.

ದಾವಣಗೆರೆ ಪ್ರಸೂತಿ ತಜ್ಞೆ:
ಹೊಟ್ಟೆ ಒತ್ತುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸಿನಲ್ಲಿ ಬೇಡವೆಂದೇ ಹೇಳಿದೆ. ಗರ್ಭಕೋಶ ಒಡೆಯಬಹುದು, ಗುದದ ಸ್ನಾಯು ಹರಿಯಬಹುದು. ಭುಜ ಸಿಕ್ಕಿಕೊಂಡಾಗಲಂತೂ ಅದು ದೊಡ್ಡ ಅಪರಾಧ. ಎಲುಬಿಗೆ ತಾಗಿ ನಿಂತ ಭುಜವನ್ನು ಅದೇ ಎಲುಬಿಗೆ ಇನ್ನಷ್ಟು ಗಟ್ಟಿಯಾಗಿ ನೂಕಿದಂತೆ. 10 ಸೆಂ.ಮೀ. ತೆರೆದು, ತಾಯಿಗೇ ಮುಕ್ಕಬೇಕೆನಿಸಿದಾಗ ಮುಕ್ಕಲಿ. ಮುಕ್ಕುವ ಹಂತ ಚೊಚ್ಚಲಲ್ಲಿ ಸಾಮಾನ್ಯವಾಗಿ 3 ಗಂಟೆಯೊಳಗೆ, ನಂತರದವುಗಳಲ್ಲಿ 2 ಗಂಟೆಯೊಳಗೆ ಮುಗಿಯುತ್ತದೆ. ಎದೆಬಡಿತ ಸರಿಯಿದ್ದು ತಲೆ ಇಳಿಯುತ್ತಿದ್ದರೆ ಗಡಿಯಾರ ನೋಡಿ ಗಾಬರಿ ಬೀಳಬೇಡಿ.

ಈಗ ಎರಡನೇ ಪ್ರಶ್ನೆ, ತೋಳಿನ ನರ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಇಲ್ಲಿ ಒಂದೆರಡು ನಿಮಿಷದಲ್ಲಿ ಮಾಡಿದ್ದು ಮಗುವಿಗೆ ಜೀವನಪೂರ್ತಿ ಉಳಿಯಬಹುದು.

ತಲೆ ಬಂದು, ಮುಂದಿನ ಭುಜ ಪ್ಯೂಬಿಕ್ ಎಲುಬಿನ (ಸೊಂಟದ ಗೂಡಿನ ಮುಂಭಾಗದ ಎಲುಬು) ಹಿಂದೆ ಸಿಕ್ಕಿಕೊಳ್ಳುವುದನ್ನು ಶೋಲ್ಡರ್ ಡಿಸ್ಟೋಸಿಯಾ ಎನ್ನುತ್ತೇವೆ. ಹೊರಬಂದ ತಲೆ ಆಮೆಯಂತೆ ಮತ್ತೆ ಒಳಗೆ ಸರಿದು ಗಲ್ಲ ಪೆರಿನಿಯಂಗೆ ಅಂಟಿಕೊಂಡರೆ ಅದೇ ಗುರುತು. ಆಗ ತಲೆ ಹಿಡಿದು ಕೆಳಕ್ಕೆ ಬಗ್ಗಿಸಿ ಎಳೆದರೆ ಕುತ್ತಿಗೆಯಿಂದ ತೋಳಿಗೆ ಹೋಗುವ ಬ್ರೇಕಿಯಲ್ ಪ್ಲೆಕ್ಸಸ್ ನರಜಾಲ ಹಿಗ್ಗುತ್ತದೆ, ಕೆಲವೊಮ್ಮೆ ಬೇರಿನಿಂದಲೇ ಕಿತ್ತುಬರುತ್ತದೆ. ಹೆಚ್ಚಾಗಿ ಕುತ್ತಿಗೆಯ ಸಿ5, ಸಿ6 ನರಬೇರುಗಳು. ಅದೇ ಅರ್ಬ್ಸ್ ಪಾಲ್ಸಿ. ಭುಜ ಸಿಕ್ಕಿಕೊಂಡ ನೂರು ಹೆರಿಗೆಗಳಲ್ಲಿ 2ರಿಂದ 16ರವರೆಗೆ ಈ ನರದ ಪೆಟ್ಟು ವರದಿಯಾಗಿದೆ, ಅದರಲ್ಲಿ ಶಾಶ್ವತವಾಗಿ ಉಳಿಯುವುದು ಹತ್ತರಲ್ಲಿ ಒಂದಕ್ಕಿಂತ ಕಡಿಮೆ.

ಮಾಡಬೇಕಾದದ್ದು ಹೀಗೆ. ಮೊದಲು ಕೂಗಿ ಸಹಾಯ ಕರೆಯಿರಿ, ಗಂಟೆ ನೋಡಿ ಬರೆಸಿ. ಮುಕ್ಕುವುದನ್ನು ನಿಲ್ಲಿಸಿ, ಎಳೆಯುವುದನ್ನು ನಿಲ್ಲಿಸಿ. ತಲೆದಿಂಬು ತೆಗೆದು ಹಾಸಿಗೆ ಸಮ ಮಾಡಿ, ಪೃಷ್ಠ ಅಂಚಿಗೆ ತನ್ನಿ. ಎರಡೂ ಕಡೆ ಒಬ್ಬೊಬ್ಬರು ನಿಂತು ತೊಡೆಗಳನ್ನು ಹೊಟ್ಟೆಗೆ ತಾಗುವಷ್ಟು ಮಡಚಿ ಹಿಡಿಯಿರಿ. ಇದು ಮೆಕ್‌ರಾಬರ್ಟ್ಸ್ ಭಂಗಿ. ಇದರಿಂದ ಸೊಂಟದ ಗೂಡು ದೊಡ್ಡದಾಗುವುದಿಲ್ಲ. ಸೊಂಟದ ಬಾಗು ನೇರವಾಗಿ, ಪ್ಯೂಬಿಕ್ ಎಲುಬು ಮೇಲಕ್ಕೆ ತಿರುಗಿ ಭುಜದ ಮೇಲಿಂದ ಜಾರುತ್ತದೆ. ಬಹಳಷ್ಟು ಸಲ ಇಷ್ಟಕ್ಕೇ ಮಗು ಬರುತ್ತದೆ. ನೋಡಿ, ಅಂಗಾತ ಭಂಗಿಯನ್ನೇ ಬೈಯುತ್ತಾ ಬಂದ ನಾವು ಇಲ್ಲಿ ಅದನ್ನೇ ಮೊದಲ ಮದ್ದಾಗಿ ಬಳಸುತ್ತೇವೆ. ಯಾವ ಹೊತ್ತಿಗೆ, ಎಷ್ಟು ಹೊತ್ತು ಎಂಬುದೇ ಮುಖ್ಯ.

ಬರದಿದ್ದರೆ ಇನ್ನೊಬ್ಬರು ಪ್ಯೂಬಿಕ್ ಎಲುಬಿನ ಮೇಲ್ಗಡೆ ಅಂಗೈ ಬುಡದಿಂದ ಒತ್ತಬೇಕು. ಮಗುವಿನ ಬೆನ್ನು ಯಾವ ಕಡೆಗಿದೆಯೋ ಆ ಕಡೆ ನಿಂತು, ಕೆಳಕ್ಕೆ ಮತ್ತು ಮಗುವಿನ ಎದೆಯ ಕಡೆಗೆ ಓರೆಯಾಗಿ, 30 ಸೆಕೆಂಡು. ಹೊಟ್ಟೆಯ ಮೇಲ್ಭಾಗ ಒತ್ತುವುದೇ ಬೇರೆ, ಇದೇ ಬೇರೆ; ಸಹಾಯಕ್ಕೆ ಬಂದವರಿಗೆ ಕೈ ಹಿಡಿದು ಜಾಗ ತೋರಿಸಿ. ಆಮೇಲೆ ತ್ರಿಕಾಸ್ಥಿಯ ಟೊಳ್ಳಿನಲ್ಲಿ ಕೈ ಒಳಗೆ ಹಾಕಿ ಹಿಂದಿನ ತೋಳನ್ನು ಹುಡುಕಿ, ಮೊಣಕೈ ಮಡಚಿ, ಎದೆಯ ಮೇಲಿಂದ ಒರೆಸಿದಂತೆ ಹೊರತನ್ನಿ. ಇಲ್ಲವೇ ಭುಜದ ಹಿಂದೆ ಎರಡು ಬೆರಳಿಟ್ಟು ತಿರುಗಿಸಿ. ತೋಳಿನ ಎಲುಬು ಮುರಿಯಬಹುದು, ಅದು ಕೂಡುತ್ತದೆ. ಕಿತ್ತ ನರ ಕೂಡುವುದಿಲ್ಲ.

ಎಲ್ಲ ಹಂತದಲ್ಲೂ ಎಳೆತ ಬೆನ್ನೆಲುಬಿನ ಗೆರೆಯಲ್ಲೇ ಇರಲಿ, ಮಾಮೂಲಿ ಹೆರಿಗೆಯಲ್ಲಿ ಎಷ್ಟೋ ಅಷ್ಟೇ. ಕುತ್ತಿಗೆ ಪಕ್ಕಕ್ಕೆ ಬಾಗಬಾರದು.

ಹರಿಹರ ಲೇಬರ್ ರೂಮ್ ಸಿಸ್ಟರ್:
ಇದಕ್ಕೆ ಒಂದು ಸೇರಿಸ್ತೀನಿ ಮೇಡಂ. ತಾಯಿಗೆ ಎಪಿಡ್ಯೂರಲ್ ಇಲ್ಲ, ನಾವು ಒಬ್ಬರೇ ಇದ್ದೀವಿ, ಕಾಲು ಹಿಡಿಯೋಕೆ ಇಬ್ಬರಿಲ್ಲ ಅನ್ನೋವಾಗ ಕೈ-ಮಂಡಿ ಊರಿಸೋದೇ ಮೊದಲ ದಾರಿ ಆಗ್ಬಹುದು. ಗ್ಯಾಸ್ಕಿನ್ ವಿಧಾನ ಅಂತಾರೆ, ಅಮೆರಿಕದ ಸೂಲಗಿತ್ತಿ ಐನಾ ಮೇ ಗ್ಯಾಸ್ಕಿನ್ ಗ್ವಾಟೆಮಾಲಾ ಸೀಮೆಯ ಸೂಲಗಿತ್ತಿಯರ ಪದ್ಧತಿಯಿಂದ ಕಲಿತಿದ್ದು. 1998ರಲ್ಲಿ ಪ್ರಕಟವಾದ 82 ಪ್ರಕರಣಗಳ ವರದಿಯಲ್ಲಿ 68ಕ್ಕೆ ಇದೊಂದೇ ಸಾಕಾಗಿತ್ತು. ತಿರುಗೋ ಚಲನೆಯಲ್ಲೇ ಎಷ್ಟೋ ಸಲ ಭುಜ ಸಡಿಲ ಆಗುತ್ತೆ. ಒಂದು ನೆನಪಿಡಿ: ಅಂಬೆಗಾಲಲ್ಲಿ ಎಲ್ಲ ತಲೆಕೆಳಗು. ತ್ರಿಕಾಸ್ಥಿ ಕಡೆಯ ಭುಜ ಈಗ ಮೇಲಿದೆ, ಮೊದಲು ಬರೋದು ಅದೇ. ಅಭ್ಯಾಸ ಇಲ್ಲದವರು ಇಲ್ಲೇ ಗೊಂದಲ ಆಗಿ ತಪ್ಪು ದಿಕ್ಕಿಗೆ ಎಳೀತಾರೆ. ಗೊಂಬೆ ಇಟ್ಟು ಎರಡೂ ಭಂಗಿಯಲ್ಲಿ ಮಾಡಿ ನೋಡಿ.

ಚಳ್ಳಕೆರೆ ಆಶಾ ಮೇಲ್ವಿಚಾರಕಿ:
ಭುಜ ಸಿಕ್ಕಿಕೊಳ್ಳೋದು ಮೊದಲೇ ಗೊತ್ತಾಗಲ್ವಾ?

ದಾವಣಗೆರೆ ಪ್ರಸೂತಿ ತಜ್ಞೆ:
ಖಚಿತವಾಗಿ ಗೊತ್ತಾಗುವುದಿಲ್ಲ, ಅರ್ಧಕ್ಕರ್ಧ ಸಾಮಾನ್ಯ ತೂಕದ ಮಕ್ಕಳಲ್ಲೇ ಆಗುತ್ತದೆ. ಆದರೆ ಸಕ್ಕರೆ ಕಾಯಿಲೆ ಇದ್ದ ಬಸುರಿಯರಲ್ಲಿ ಅಪಾಯ ಹೆಚ್ಚು, ಮಗುವಿನ ಭುಜ, ಎದೆ ದಪ್ಪ ಬೆಳೆದಿರುತ್ತದೆ. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದ ನಡುವೆ ಮತ್ತೊಮ್ಮೆ 75 ಗ್ರಾಂ ಗ್ಲೂಕೋಸ್ ಕುಡಿಸಿ, 2 ಗಂಟೆ ಬಿಟ್ಟು ನೋಡುವ ಪರೀಕ್ಷೆ ಬಿಡಬೇಡಿ. ಸಕ್ಕರೆ 140 ಮಿ.ಗ್ರಾಂ/ಡಿ.ಲೀ. ಅಥವಾ ಮೇಲಿದ್ದರೆ ತಾಯಿ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಹಿಂದಿನ ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಿತ್ತೇ ಎಂದು ಕೇಳಿ ಬರೆಯಿರಿ. ಅಂಥವರು ಪಿಎಚ್‌ಸಿಯಲ್ಲಿ ಹೆರಬಾರದು.

ಇನ್ನೂ ಒಂದು ಮಾತು. ನರದ ಪೆಟ್ಟು ಎಲ್ಲವೂ ಎಳೆದದ್ದರಿಂದಲೇ ಅಲ್ಲ. ಭುಜ ಸಿಕ್ಕಿಕೊಳ್ಳದ ಹೆರಿಗೆಯಲ್ಲೂ, ಅಪರೂಪಕ್ಕೆ ಸಿಸೇರಿಯನ್‌ನಲ್ಲೂ ಆಗುತ್ತದೆ. ಮಗುವಿನ ತೋಳು ಆಡುತ್ತಿಲ್ಲವೆಂದ ಕೂಡಲೇ ಸಿಸ್ಟರ್ ಮೇಲೆ ಬೀಳುವುದು ನ್ಯಾಯವಲ್ಲ.

ಚಿತ್ರದುರ್ಗ ಫಿಸಿಯೋ:
ತಾಯಿಯ ನರಗಳ ಮಾತು ಯಾರೂ ಎತ್ತಲಿಲ್ಲ. ಹೆರಿಗೆ ಆದ ಮೇಲೆ "ಕಾಲಿನ ಪಾದ ಎತ್ತೋಕೆ ಆಗ್ತಿಲ್ಲ, ಚಪ್ಪಲಿ ಜಾರುತ್ತೆ" ಎಂದರೆ ಬೆನ್ನಿನ ಇಂಜೆಕ್ಷನ್ ಮೇಲೆ ಗೂಬೆ ಕೂರಿಸುತ್ತಾರೆ. ಹೆಚ್ಚಿನ ಸಲ ಕಾರಣ ಭಂಗಿ. ಮಂಡಿಯ ಹೊರಬದಿಯಲ್ಲಿ ಕೆಳಗೆ ಒಂದು ಸಣ್ಣ ಎಲುಬಿನ ಗಂಟು ಸಿಗುತ್ತದಲ್ಲ, ಅದರ ಕುತ್ತಿಗೆ ಸುತ್ತಿ ಪೆರೋನಿಯಲ್ ನರ ಹೋಗುತ್ತದೆ, ಮೇಲೆ ಬರೀ ಚರ್ಮ. ಕಾಲು ಏರಿಸುವ ಕಂಬ ಅಲ್ಲಿ ಒತ್ತಿದರೆ, ಕಾಲು ಹಿಡಿದವರ ಬೆರಳು ಅಲ್ಲೇ ಊರಿದರೆ, ಬಿಡುವಿಲ್ಲದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತರೆ ನರ ಮಂಕಾಗುತ್ತದೆ.

ಇನ್ನೊಂದು ತೊಡೆಯ ಮುಂಭಾಗದ ಫೀಮೋರಲ್ ನರ. ಚೊಚ್ಚಲವರನ್ನು ಮೊದಲಿಂದ ಕೊನೆವರೆಗೂ ಮೆಕ್‌ರಾಬರ್ಟ್ಸ್ ಭಂಗಿಯಲ್ಲೇ ಇಟ್ಟು ಮುಕ್ಕಿಸುತ್ತಾರೆ. ತೊಡೆಸಂದಿಯಲ್ಲಿ ನರ ಮಡಚಿಕೊಂಡು, ಮರುದಿನ ಮೆಟ್ಟಿಲು ಹತ್ತುವಾಗ ಮಂಡಿ ಕುಸಿಯುತ್ತದೆ. ತೊಡೆಯನ್ನು ಹಾಗೆ ಅಗಲಿಸಿ ಎಳೆದರೆ ಮುಂದಿನ ಪ್ಯೂಬಿಕ್ ಕೀಲು ಬಿಡುವುದೂ ಉಂಟು. ಆದ್ದರಿಂದ ನೋವು ಇಳಿದಾಗೆಲ್ಲ ಕಾಲು ಕೆಳಗಿಳಿಸಿ ಚಾಚಿಸಿ. ಯಾವ ಭಂಗಿಯಾದರೂ ಅರ್ಧ ಗಂಟೆಗೊಮ್ಮೆ ಬದಲಿಸಿ. ಕಂಬ ಬಳಸಲೇಬೇಕಾದಲ್ಲಿ, ವ್ಯಾಕ್ಯೂಮ್, ಫೋರ್ಸೆಪ್ಸ್ ಅಥವಾ ಹೊಲಿಗೆಗೆ, ಮಂಡಿಯ ಹೊರಬದಿಗೆ ಮಡಚಿದ ಟವೆಲ್ ಇಟ್ಟು, ಎರಡೂ ಕಾಲು ಒಟ್ಟಿಗೆ ಏರಿಸಿ, ಒಟ್ಟಿಗೆ ಇಳಿಸಿ. ಇವು ಬಹುತೇಕ ವಾರಗಳಲ್ಲಿ, ಕೆಲವು ತಿಂಗಳುಗಳಲ್ಲಿ ವಾಸಿಯಾಗುತ್ತವೆ.

ಎಪಿಡ್ಯೂರಲ್ ಕೊಟ್ಟವರಿಗೆ ನಿಯಮ ಬೇರೆ. ಬ್ರಿಟನ್‌ನ 3,000ಕ್ಕೂ ಹೆಚ್ಚು ಚೊಚ್ಚಲ ತಾಯಂದಿರಲ್ಲಿ ನಡೆದು 2017ರಲ್ಲಿ ಪ್ರಕಟವಾದ ಬಂಪ್ಸ್ ಅಧ್ಯಯನದಲ್ಲಿ ಮಗ್ಗುಲಾಗಿ ಮಲಗಿದವರಲ್ಲಿ ಶೇ. 41.1, ನೆಟ್ಟಗಿದ್ದವರಲ್ಲಿ ಶೇ. 35.2 ಮಂದಿಗೆ ಉಪಕರಣವಿಲ್ಲದೆ ಹೆರಿಗೆಯಾಯಿತು. ನೋವೇ ಗೊತ್ತಾಗದ ಕಾರಣ ಕಾಲು ಮರಗಟ್ಟಿದ್ದೂ ಇವರಿಗೆ ತಿಳಿಯದು, ಹಾಗಾಗಿ ನೀವೇ ನೆನಪಿಟ್ಟು ಮಗ್ಗುಲು ಬದಲಿಸಬೇಕು.

ಹೊಸದುರ್ಗ ಸ್ಟಾಫ್ ನರ್ಸ್:
ಮಗುವಿನ ಮುಖ ಮೇಲ್ಮುಖವಾಗಿದ್ದು ಸೊಂಟ ನೋವು ಜಾಸ್ತಿ ಇದ್ರೆ ಅಂಬೆಗಾಲು ಹಾಕಿಸಿದ್ರೆ ಮಗು ತಿರುಗುತ್ತೆ ಅಂತಾರಲ್ಲ?

ದಾವಣಗೆರೆ ಪ್ರಸೂತಿ ತಜ್ಞೆ:
ಸೊಂಟ ನೋವು ಕಡಿಮೆಯಾಗುತ್ತದೆ, ಅದಕ್ಕಾಗಿ ಖಂಡಿತ ಹಾಕಿಸಿ. ತಿರುಗಿಸುತ್ತದೆ ಎಂದು ತಾಯಿಗೆ ಭರವಸೆ ಕೊಡಬೇಡಿ, ಅಷ್ಟು ಪುರಾವೆ ಇಲ್ಲ.

ರಕ್ತಸ್ರಾವದ ಬಗ್ಗೆ ಒಂದು ಮಾತು ಉಳಿದಿತ್ತು. ನೆಟ್ಟಗಿನ ಭಂಗಿಯಲ್ಲಿ ರಕ್ತ ಹಾಸಿಗೆಗೆ ಇಂಗದೆ ನೇರ ಕೆಳಗೆ ಬೀಳುವುದರಿಂದ ಅಳತೆಗೆ ಹೆಚ್ಚು ಸಿಗುತ್ತದೆ ಎನ್ನುವುದು ಒಂದು ವಿವರಣೆ. ಏನೇ ಇರಲಿ, ನಮ್ಮ ತಾಯಂದಿರಲ್ಲಿ ಹಿಮೋಗ್ಲೋಬಿನ್ ಮೊದಲೇ ಕಡಿಮೆ, ಅವರಿಗೆ 500 ಮಿ.ಲೀ. ಸಣ್ಣ ಲೆಕ್ಕವಲ್ಲ. ಮಗು ಬಂದ ಒಂದು ನಿಮಿಷದಲ್ಲಿ ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ ಕೊಟ್ಟು, ಮಾಸು ಬೀಳುವ ಹೊತ್ತಿಗೆ ತಾಯಿಯನ್ನು ಒರಗಿಸಿ ಮಲಗಿಸಿ. ಪ್ಯಾಡ್ ತೂಗಿ ನೋಡಿ, ಹೆಚ್ಚಾದ 1 ಗ್ರಾಂ ಅಂದರೆ ಸುಮಾರು 1 ಮಿ.ಲೀ. ರಕ್ತ.

ಕತ್ತರಿ ಹಾಕಲೇಬೇಕಾದರೆ ತಲೆ ಪೆರಿನಿಯಂ ಹಿಗ್ಗಿಸಿದಾಗ ನಡುಗೆರೆಯಿಂದ 60 ಡಿಗ್ರಿ ಓರೆಗೆ. ಚರ್ಮ ಹಿಗ್ಗಿದಾಗ 60 ಇದ್ದದ್ದು ಆಮೇಲೆ 45ರ ಹತ್ತಿರ ಬಂದು ನಿಲ್ಲುತ್ತದೆ. ಕಣ್ಣಳತೆಯಲ್ಲಿ 45 ಎಂದು ಹಾಕಿದವರದ್ದು ಗುದದ ಸ್ನಾಯುವಿನ ಹತ್ತಿರಕ್ಕೇ ಹೋಗಿರುತ್ತದೆ.

ಹೆರಿಗೆಯ ನಂತರ, ಹೊಲಿಗೆಗೆ ಮೊದಲು, ಪ್ರತಿಯೊಬ್ಬರಿಗೂ ಒಳ್ಳೆಯ ಬೆಳಕಿನಲ್ಲಿ, ಒಪ್ಪಿಗೆ ಕೇಳಿ, ಗುದದೊಳಗೆ ಬೆರಳಿಟ್ಟು ಪರೀಕ್ಷಿಸಿ. ಹೆಬ್ಬೆರಳು ಹೊರಗೆ, ತೋರುಬೆರಳು ಒಳಗೆ. ನಡುವೆ ಉರುಳಿಸಿದರೆ ಸ್ನಾಯು ಹಗ್ಗದಂತೆ ಸಿಗಬೇಕು. ಮುಂಭಾಗದಲ್ಲಿ ಅದು ಸಿಗದೆ ಖಾಲಿ ಅನಿಸಿದರೆ ಮೂರನೇ ದರ್ಜೆ. ಅದನ್ನು ಲೇಬರ್ ಟೇಬಲ್ ಮೇಲೆ ಹೊಲಿಯಬೇಡಿ. ಪ್ಯಾಕ್ ಇಟ್ಟು, ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯೋ ಚಿತ್ರದುರ್ಗ ಜಿಲ್ಲಾಸ್ಪತ್ರೆಯೋ, ಹತ್ತಿರದ ಆಪರೇಷನ್ ಥಿಯೇಟರ್ ಇರುವಲ್ಲಿಗೆ ಕಳಿಸಿ.

ಚಳ್ಳಕೆರೆ ಆಶಾ ಮೇಲ್ವಿಚಾರಕಿ:
ಬಾಣಂತನದಲ್ಲಿ ನೀರು ಕೊಡಬಾರದು, ಸೊಪ್ಪು ಬೇಡ, ಬರೀ ಅನ್ನ ಮೆಣಸಿನ ಸಾರು ಅಂತಾರೆ. ಹೊಲಿಗೆ ಇದ್ದವರಿಗೆ ಏನು ಹೇಳ್ಬೇಕು?

ಚಿತ್ರದುರ್ಗ ಫಿಸಿಯೋ:
ಹೊಲಿಗೆ ಬಿಟ್ಟುಹೋಗುವುದಕ್ಕೆ ಗಟ್ಟಿ ಮಲ ಒಂದು ದೊಡ್ಡ ಕಾರಣ. ದಿನಕ್ಕೆ ಎರಡೂವರೆ ಮೂರು ಲೀಟರ್ ನೀರು, ಬೇಕಿದ್ದರೆ ಬಿಸಿಯಾಗಿಯೇ. ಸೊಪ್ಪು, ಹೆಸರುಕಾಳು, ಜೋಳದ ರೊಟ್ಟಿ ಎಲ್ಲ ತಿನ್ನಲಿ. ಸ್ನಾಯುವಿನವರೆಗೆ ಹರಿದಿದ್ದವರಿಗೆ ಡಾಕ್ಟರ್ ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಬರೆದಿರುತ್ತಾರೆ, ಭೇದಿಯಾಗುತ್ತೆ ಎಂದು ಮನೆಯವರು ನಿಲ್ಲಿಸದಂತೆ ನೋಡಿ. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟುವುದರಿಂದ ಭಾರ ಕೆಳಕ್ಕೆ ಬಿದ್ದು ಹೊಲಿಗೆಯ ಜಾಗಕ್ಕೇ ಒತ್ತಡ. ಸಡಿಲ ಕಟ್ಟಿದರೆ ತೊಂದರೆಯಿಲ್ಲ. ಗಾಳಿ, ಮಲ ತಡೆಯಲು ಆಗುತ್ತಿದೆಯೇ ಎಂದು ಆರನೇ ವಾರದಲ್ಲಿ ನೀವೇ ಕೇಳಬೇಕು, ಒಬ್ಬರೇ ಇರುವಾಗ. ಅತ್ತೆ ಎದುರು ಕೇಳಿದರೆ "ಎಲ್ಲ ಸರಿ ಇದೆ" ಎಂಬ ಉತ್ತರವೇ ಬರುತ್ತದೆ.

ದಾವಣಗೆರೆ ಮಕ್ಕಳ ವೈದ್ಯ:
ಮಗುವಿನ ಕಡೆಯಿಂದ ಬರೆಯುತ್ತೇನೆ. ಕಷ್ಟದ ಹೆರಿಗೆಯಾದ ಪ್ರತಿ ಮಗುವನ್ನೂ ಬಟ್ಟೆ ಬಿಚ್ಚಿ ನೋಡಿ. ಎರಡೂ ತೋಳು ಸಮವಾಗಿ ಆಡುತ್ತಿವೆಯೇ? ಒಂದು ತೋಳು ನೇರವಾಗಿ ಪಕ್ಕಕ್ಕೆ ಬಿದ್ದು, ಒಳಮುಖ ತಿರುಗಿ, ಮಣಿಕಟ್ಟು ಮಡಚಿದ್ದರೆ ಅರ್ಬ್ಸ್ ಪಾಲ್ಸಿ. ಬೆರಳುಗಳೂ ಹಿಡಿಯುತ್ತಿಲ್ಲ, ಅದೇ ಕಡೆಯ ಕಣ್ಣಿನ ರೆಪ್ಪೆ ಇಳಿದಿದೆ ಎಂದರೆ ಬೇರುಗಳು ಕಿತ್ತಿರಬಹುದು, ಕಾಯದೆ ಕಳಿಸಿ. ಉಸಿರು ಜೋರಾಗಿದ್ದರೆ ವಪೆಯ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ನರಕ್ಕೂ ಪೆಟ್ಟಾಗಿರಬಹುದು. ಕೊರಳೆಲುಬಿನ ಮೇಲೆ ಬೆರಳಾಡಿಸಿ, ಕಿರುಗುಟ್ಟಿದರೆ ಮುರಿದಿದೆ. ಅಂಗಿಯ ತೋಳನ್ನು ಎದೆಯ ಭಾಗಕ್ಕೆ ಪಿನ್ ಹಾಕಿ ಕೂರಿಸಿದರೆ ಸಾಕು, ಎರಡು ಮೂರು ವಾರದಲ್ಲಿ ಕೂಡುತ್ತದೆ.

ತಲೆಯ ಊತದಲ್ಲಿ ಮೂರು ಬಗೆ. ಮೆತ್ತಗಿದ್ದು ಎಲುಬಿನ ಗೆರೆ ದಾಟಿದ, ಒಂದೆರಡು ದಿನದಲ್ಲಿ ಇಳಿಯುವ ಊತ ನಿರಪಾಯ. ಗೆರೆ ದಾಟದೆ ಒಂದೇ ಎಲುಬಿಗೆ ಸೀಮಿತವಾದದ್ದು ರಕ್ತದ ಗಂಟು, ವಾರಗಟ್ಟಲೆ ಇರುತ್ತದೆ. ಚುಚ್ಚಬಾರದು, ತಿಕ್ಕಬಾರದು, ಕಾಮಾಲೆ ಬರುತ್ತದೆಯೇ ನೋಡುತ್ತಿರಬೇಕು. ವ್ಯಾಕ್ಯೂಮ್ ಹಾಕಿದ ಮೇಲೆ ತಲೆಯಿಡೀ ಹರಡುತ್ತಾ ಕಿವಿಯವರೆಗೆ ಇಳಿದು, ಮಗು ಬಿಳುಚಿದರೆ ಮಾತ್ರ ಒಂದು ಕ್ಷಣವೂ ಕಾಯಬೇಡಿ.

ಎರೆಯುವ ಅಜ್ಜಿಯರಿಗೆ ಕೈಮುಗಿದು ಹೇಳಬೇಕಾದದ್ದು: ಎಣ್ಣೆ ಹಚ್ಚಿ ತೋಳುಗಳನ್ನು ಎದೆಯ ಮೇಲೆ ಅಡ್ಡಡ್ಡ ಎಳೆಯುವುದು, ಕೈ ಹಿಡಿದು ಜೋಲಿಸುವುದು, ತಲೆಯ ಗಂಟು ತೀಡಿ ಇಳಿಸುವುದು ಈ ಮಕ್ಕಳಿಗೆ ಬೇಡವೇ ಬೇಡ. ಕಂಕುಳಿಗೆ ಕೈ ಹಾಕಿ ಎತ್ತಬಾರದು, ಬೆನ್ನು ಮತ್ತು ಪೃಷ್ಠದ ಕೆಳಗೆ ಕೈಯಿಟ್ಟು ಎತ್ತಬೇಕು. ಅಂಗಿ ತೊಡಿಸುವಾಗ ಪೆಟ್ಟಾದ ತೋಳು ಮೊದಲು, ಬಿಚ್ಚುವಾಗ ಕೊನೆಗೆ. ಮೊದಲ ವಾರ ಹತ್ತು ದಿನ ವಿಶ್ರಾಂತಿ, ಆಮೇಲೆ ಫಿಸಿಯೋ ತೋರಿಸಿದಂತೆ ಬಟ್ಟೆ ಬದಲಿಸುವಾಗೆಲ್ಲ ಮೆತ್ತಗೆ ಆಡಿಸುವುದು. ಒಂದು ತಿಂಗಳಿಗೆ ಪೂರ್ತಿ ಸರಿಯಾಗದಿದ್ದರೆ ತೋಳಿನ ನರದ ತಜ್ಞರಿಗೆ ತೋರಿಸಿ. 3 ತಿಂಗಳಾದರೂ ಮೊಣಕೈ ಮಡಚುವ ಶಕ್ತಿ ಬಂದಿಲ್ಲವೆಂದರೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡಬೇಕಾಗುತ್ತದೆ. "ಬೆಳೀತಾ ಸರಿಹೋಗುತ್ತೆ" ಎಂದು ವರ್ಷ ಕಳೆದರೆ ನರ ಜೋಡಿಸುವ ಕಾಲ ಮೀರಿಹೋಗಿರುತ್ತದೆ.

ಜಗಳೂರು ಪಿಎಚ್‌ಸಿಒ:
ಎಲ್ಲರಿಗೂ ವಂದನೆ. ಕೊನೆಯದೊಂದು. 108ರಲ್ಲಿ ಕಳಿಸುವಾಗ ಯಾವ ಭಂಗಿ? ಸ್ಟ್ರೆಚರ್ ಬೆಲ್ಟ್ ಹಾಕೋಕೆ ಅಂಗಾತವೇ ಮಲಗಿಸ್ತಾರೆ.

ಹರಿಹರ ಲೇಬರ್ ರೂಮ್ ಸಿಸ್ಟರ್:
ಎಡಮಗ್ಗುಲು, ಬೆನ್ನ ಹಿಂದೆ ಸುತ್ತಿದ ಕಂಬಳಿ, ಬೆಲ್ಟ್ ಒಂದು ಎದೆಯ ಮೇಲ್ಭಾಗಕ್ಕೆ, ಇನ್ನೊಂದು ತೊಡೆಗೆ. ಹೊಟ್ಟೆ ಮೇಲೆ ಬೇಡ. ದಾರಿಯಲ್ಲಿ ತಲೆ ಕಾಣಿಸಿದ್ರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಅದೇ ಮಗ್ಗುಲಲ್ಲೇ ಹೆರಿಗೆ ಮಾಡಿಸಿ. ಕಾಲು ಕೂಡಿಸಿ ತಲೆ ತಡೆದು ಹಿಡಿಯೋದು ಎಂದಿಗೂ ಬೇಡ. ಹೊಕ್ಕುಳಬಳ್ಳಿ ಮೊದಲು ಜಾರಿದ್ರೆ ಮಾತ್ರ ಬೇರೆ: ಎಡಮಗ್ಗುಲಲ್ಲೇ ಸೊಂಟದ ಕೆಳಗೆ ದಿಂಬುಗಳನ್ನಿಟ್ಟು ಎತ್ತರಿಸಿ, ಗ್ಲೌಸ್ ಹಾಕಿದ ಬೆರಳಿಂದ ತಲೆಯನ್ನ ಬಳ್ಳಿಯಿಂದ ಮೇಲಕ್ಕೆ ಎತ್ತಿ ಹಿಡಿದೇ ಆಸ್ಪತ್ರೆ ತಲುಪ್ಬೇಕು. ರೆಫರಲ್ ಚೀಟಿಯಲ್ಲಿ ಪೂರ್ತಿ ತೆರೆದ ಸಮಯ, ಮುಕ್ಕೋಕೆ ಶುರು ಮಾಡಿದ ಸಮಯ, ಯಾವ ಯಾವ ಭಂಗಿಯಲ್ಲಿ ಎಷ್ಟೆಷ್ಟು ಹೊತ್ತು, ಕೊನೆಯ ಎದೆಬಡಿತ ಎಷ್ಟು ಅಂತ ಬರೀರಿ. ಆ ಕಡೆ ಇರೋರಿಗೆ ಮೊದಲು ಬೇಕಾಗೋದು ಅದೇ.